ಘಟ್ಟ ಇಳಿದವರ ಪದಬಂಧ

ಕ್ರಿಪ್ಟಿಕ್ ಪದಬಂಧ, ಅಂದರೆ ಸುಳಿವಿನ ಮಾತಿನೊಳಗೇ ಉತ್ತರದ ತುಣುಕುಗಳನ್ನು ಬಚ್ಚಿಡುವ ಪದಬಂಧ, ಇಂಗ್ಲಿಷಿನವರ ಆಟ, ಕನ್ನಡಕ್ಕೆ ಒಗ್ಗುವುದಿಲ್ಲ ಅನ್ನುವವರು ಈಗಲೂ ಸಿಗುತ್ತಾರೆ. ಅಂಥವರಿಗೆ ನಾನು ಒಂದು ಸುಳಿವು ಕೊಟ್ಟು ಸುಮ್ಮನಾಗುತ್ತೇನೆ: ‘ಪಾಪ! ನಾ ರಾತ್ರಿ ತಿರುಗಿ ಬಂದೆ (5)’. ಈ ಮಳೆಗಾಲದಲ್ಲಿ ನಮ್ಮ ಗುಂಪು ಬಿಡಿಸಿದ ಪದಬಂಧದ್ದು ಇದು. ಉತ್ತರ ಸ್ವಲ್ಪ ತಡೆದು ಹೇಳುತ್ತೇನೆ.

ನಾವು ಕೆಲವರು ಶಿರಸಿಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತೇವೆ. ನಿವೃತ್ತ ಕನ್ನಡ ಮೇಷ್ಟ್ರು, ಬ್ಯಾಂಕಿನಲ್ಲಿರುವ ಒಬ್ಬರು, ಬನವಾಸಿಯಿಂದ ಬರುವ ಅಕ್ಕ, ಇಂಜಿನಿಯರಿಂಗ್ ಓದುವ ಹುಡುಗಿ, ಮತ್ತೆ ನಾನು. ಮೇಷ್ಟ್ರ ಮನೆಯ ಜಗಲಿ, ಕಷಾಯ, ದೊಡ್ಡ ಹಾಳೆಯಲ್ಲಿ ಜೆರಾಕ್ಸ್ ಮಾಡಿಸಿದ ಚೌಕಟ್ಟು, ಪೆನ್ಸಿಲ್ಲು. ಪೆನ್ನು ಮುಟ್ಟುವಂತಿಲ್ಲ. ಒಬ್ಬರು ಸುಳಿವನ್ನು ಗಟ್ಟಿಯಾಗಿ ಎರಡು ಸಲ ಓದುತ್ತಾರೆ, ಎರಡನೇ ಸಲ ಬೇಕಂತಲೇ ಬೇರೆ ಕಡೆ ನಿಲ್ಲಿಸಿ. ಉತ್ತರ ಹೊಳೆದವರು ಅದು ಹೇಗೆ ಬಂತು ಅಂತ ಬಿಡಿಸಿ ಹೇಳಬೇಕು. ಹೇಳಲಾಗದಿದ್ದರೆ ಉತ್ತರ ಎಷ್ಟೇ ಸರಿ ಕಂಡರೂ ಬರೆಯುವುದಿಲ್ಲ. ಈ ನಿಯಮದಿಂದಲೇ ನಮ್ಮ ಜಗಳಗಳಿಗೆ ರುಚಿ ಬಂದಿದ್ದು.

ಕನ್ನಡದಲ್ಲಿ ಒಂದು ಮನೆಗೆ ಒಂದು ಅಕ್ಷರ, ಕಾಗುಣಿತ ಒತ್ತಕ್ಷರ ಸಮೇತ. ಸುಳಿವಿನ ಕೊನೆಯ ಅಂಕಿ ಉತ್ತರದಲ್ಲಿ ಅಂಥ ಎಷ್ಟು ಅಕ್ಷರ ಅನ್ನುವ ಲೆಕ್ಕ. ‘ರಾ’ ಎಂದರೆ ‘ರಾ’ ಮಾತ್ರ. ಅದನ್ನು ‘ರ’ ಮಾಡಿಕೊಂಡು ಬೇರೆ ಪದದಲ್ಲಿ ತುರುಕುವಂತಿಲ್ಲ. ಇಂಗ್ಲಿಷಿನಲ್ಲಿ 26 ಅಕ್ಷರ ಕಲಸಿ ಆಡುವ ಸುಖ ನಮಗಿಲ್ಲ, ನಿಜ. ಬದಲಿಗೆ ಬೇರೆ ಸಹಾಯ ಇದೆ. ‘ಳ’, ‘ಣ’ದಿಂದ ಕನ್ನಡದಲ್ಲಿ ಪದ ಶುರುವಾಗುವುದಿಲ್ಲ. ‘ಅ’, ‘ಇ’ಯಂಥ ಬಿಡಿ ಸ್ವರ ಪದದ ಮೊದಲಲ್ಲಿ ಬರುತ್ತದೆಯೇ ಹೊರತು ಕೊನೆಯಲ್ಲಿ ಬರುವುದಿಲ್ಲ. ಸುಳಿವು ಅರ್ಥವಾಗದಿದ್ದರೂ ಯಾವ ಮನೆಯಲ್ಲಿ ಯಾವುದು ಕೂರುವುದಿಲ್ಲ ಅಂತ ಇದರಿಂದಲೇ ಗೊತ್ತಾಗಿಬಿಡುತ್ತದೆ.

ಈ ಸಲದ ಪದಬಂಧ ಕಟ್ಟಿ ಕಳಿಸಿದವನು ಹೊನ್ನಾವರದ ಗೆಳೆಯ. ಮೇಲೆ ಹೆಸರು ಬರೆದಿದ್ದ: ‘ಘಟ್ಟ ಇಳಿದವರು, ಒಬ್ಬಳ ಹೊರತು’. ಕೆಳಗೆ ಒಂದೇ ಸೂಚನೆ. ಅಡ್ಡ ಸಾಲಿನ ಆರು ಉತ್ತರಗಳು ಒಂದೇ ಬಳಗದವು, ಆ ಬಳಗ ಯಾವುದೆಂದು ಸುಳಿವು ಹೇಳುವುದಿಲ್ಲ.

ಮೊದಲು ಬಿದ್ದಿದ್ದು ಸುಲಭದ್ದು: ‘ರಾಧಿಕಾಳಿಗೆ ಒಳಗೊಳಗೇ ಉಗ್ರರೂಪ (2)’. ‘ರಾಧಿಕಾಳಿಗೆ’ ಪದದ ಒಳಗೇ ‘ಕಾಳಿ’ ಕೂತಿದ್ದಾಳೆ. ಹಾಗಾದರೆ ಬಳಗ ದೇವಿಯರದ್ದು ಅಂತ ಅಕ್ಕ ಅಂದರು. ಮುಂದಿನದೂ ಅದಕ್ಕೆ ಹೊಂದುವ ಹಾಗೇ ಇತ್ತು: ‘ಜಟೆಯಲ್ಲಿದ್ದವಳು, ಹಿಂದೆ ತಲೆ ಕಡಿದ ಹಾವಳಿ (4)’. ಜಟೆಯವಳು ಗಂಗಾ, ಹಾವಳಿಯ ‘ಹಾ’ ಹೋದರೆ ‘ವಳಿ’. ಗಂಗಾವಳಿ! ಅಂಕೋಲಾ ಕಡೆಯ ಹೊಳೆ. ದೇವಿಯರು ಅಲ್ಲಿಗೆ ಮುಗಿದರು, ನದಿಗಳು ಶುರುವಾದವು.

ನನಗೆ ಬಹಳ ಇಷ್ಟವಾಗಿದ್ದು ಮೂರನೆಯದು. ‘ಶವದೊಳಗೆ ರಾತ್ರಿ ತಲೆ ಹಾಕಿತು, ಕೊನೆಯಲ್ಲಿ ಭೀತಿಯ ಬಾಲ (4)’. ಓದುತ್ತಿದ್ದಂತೆ ಮೈ ಜುಂ ಅನ್ನಬೇಕು, ಅಲ್ವಾ? ಆದರೆ ರಾತ್ರಿಯ ತಲೆ ಎಂದರೆ ಬರೀ ‘ರಾ’. ಅದನ್ನು ‘ಶವ’ದ ನಡುವೆ ಇಟ್ಟು, ಭೀತಿಯ ‘ತಿ’ ಹಚ್ಚಿದರೆ ಶರಾವತಿ. ‘ತಲೆ ಹಾಕುವುದು’ ನಾವು ದಿನಾ ಆಡುವ ಮಾತು. ಅದನ್ನೇ ಆಟಕ್ಕೆ ಹಚ್ಚಿದ್ದಾನೆ ನೋಡಿ. ಇಂಗ್ಲಿಷಿನ ಸೂತ್ರವನ್ನು ಸುಮ್ನೆ ಕನ್ನಡಕ್ಕೆ ತಂದಿದ್ದರೆ ಇದು ಹುಟ್ಟುತ್ತಿರಲಿಲ್ಲ. ‘ಅರ್ಧ ಬೇಡ, ಉಳಿದರ್ಧ ಬಡ್ತಿ (2)’ ಅನ್ನುವುದನ್ನು ಬ್ಯಾಂಕಿನವರು ಕಷಾಯದ ಲೋಟ ಕೆಳಗಿಡದೆ ಬಿಡಿಸಿದರು. ಬಡ್ತಿ ಬೇಡ ಅಂದವರ ಕಷ್ಟ ಅವರಿಗೇ ಗೊತ್ತು. ಬೇಡ್ತಿ.

ಇನ್ನು ‘ಪಾಪ! ನಾ ರಾತ್ರಿ ತಿರುಗಿ ಬಂದೆ’. ಇಲ್ಲಿ ‘ಪಾಪ’ ಕನಿಕರದ ಮಾತಲ್ಲ, ಮಾಡಿದ ಪಾಪ, ಅಂದರೆ ‘ಅಘ’. ಆಮೇಲೆ ‘ನಾ’ ಇದ್ದ ಹಾಗೇ. ರಾತ್ರಿ ಎಂದರೆ ‘ನಿಶಿ’, ತಿರುಗಿ ಬಂದರೆ ‘ಶಿನಿ’. ಅಘನಾಶಿನಿ! ಆ ಹೊಳೆಯ ಮೂಲ ಅಂತ ಹೇಳುವ ಶಂಕರಹೊಂಡ ನಮ್ಮ ಶಿರಸಿಯಲ್ಲೇ ಇದೆ. ಆದರೂ ನಮಗೆ ತಡವಾಗಿ ಹೊಳೆದಿದ್ದು ಇದೇ.

ಉತ್ತರವೇನೋ ಸರಿ. ಚೌಕಟ್ಟಿನಲ್ಲಿ ಮಾತ್ರ ಕೂರುತ್ತಿರಲಿಲ್ಲ. ಎಡಗಡೆಯ ಮೊದಲ ಮನೆಯಲ್ಲಿ ಮೇಲಿನಿಂದ ‘ಇಬ್ಬನಿ’ ಇಳಿದು ಬಂದು ‘ನಿ’ಯಲ್ಲಿ ನಿಂತಿತ್ತು. ನಮಗೆ ಅಲ್ಲಿ ಬೇಕಿದ್ದಿದ್ದು ‘ಅ’. ಇಬ್ಬನಿ ಅಳಿಸೋಣ ಅಂತ ಹುಡುಗಿ ರಬ್ಬರ್ ಎತ್ತಿದಳು. ಮೇಷ್ಟ್ರು ತಡೆದರು. “ತಡಿಯೇ ತಂಗಿ, ‘ಅ’ ಪದದ ಕೊನೆಗೆ ಎಲ್ಲಾದ್ರೂ ಬತ್ತಾ?” ಅಂದರು. ಇಬ್ಬನಿ ಹೋಗಿ ಬೇರೆ ಯಾವ ಪದ ಬಂದರೂ ಆ ಮನೆಯಲ್ಲಿ ‘ಅ’ ಕೂರುವುದು ಸಾಧ್ಯವಿಲ್ಲ. ಅಂದರೆ ತಕರಾರು ಇಬ್ಬನಿಯದಲ್ಲ, ನದಿಯದೇ.

ಆಗ ಮೇಷ್ಟ್ರು ಇನ್ನೊಂದು ತೋರಿಸಿದರು. ಪೇಪರಿನ ಪದಬಂಧದಲ್ಲಿ ಸಾಮಾನ್ಯವಾಗಿ ‘ಎಡದಿಂದ ಬಲಕ್ಕೆ’, ‘ಮೇಲಿನಿಂದ ಕೆಳಕ್ಕೆ’ ಅಂತ ಇರುತ್ತದೆ. ಈ ಪುಣ್ಯಾತ್ಮ ಬರೀ ‘ಅಡ್ಡ’ ಅಂತ ಬರೆದಿದ್ದ. ಹುಡುಗಿಗೆ ತಕ್ಷಣ ಹೊಳೆಯಿತು. ಘಟ್ಟ ಇಳಿದು ಸಮುದ್ರ ಸೇರುವ ಹೊಳೆ ಪಶ್ಚಿಮಕ್ಕೆ ಹರಿಯುತ್ತದೆ. ನಕ್ಷೆಯಲ್ಲಿ ಪಶ್ಚಿಮ ಎಡಗಡೆ. ಬಲದಿಂದ ಎಡಕ್ಕೆ ಬರೆದು ನೋಡಿದಳು. ‘ನಿ’ ಇಬ್ಬನಿಗೆ ಸಿಕ್ಕಿತು. ಬಲತುದಿಯ ‘ಅ’ ಕೆಳಕ್ಕಿಳಿದು ಅಡಿಕೆ ಆಯಿತು. ಕಾಳಿ, ಶರಾವತಿ ಎಲ್ಲವನ್ನೂ ಅಳಿಸಿ ತಿರುಗಿಸಿದೆವು. ಬೇಡ್ತಿ, ಗಂಗಾವಳಿ ಒಂದೇ ಸಾಲಿನಲ್ಲಿದ್ದವು, ನಡುವೆ ಒಂದು ಕಪ್ಪು ಮನೆ. ಬಲಗಡೆ ಬೇಡ್ತಿ, ಎಡಗಡೆ ಗಂಗಾವಳಿ. ಅದೇ ನದಿ, ಮೇಲೆ ಒಂದು ಹೆಸರು, ಕೆಳಗೆ ಒಂದು. ಕಪ್ಪು ಮನೆ ಮಾಗೋಡು ಜಲಪಾತ ಅಂತ ಬ್ಯಾಂಕಿನವರ ವಾದ. ಕಟ್ಟಿದವನು ಅಷ್ಟು ಯೋಚಿಸಿರಲಿಲ್ಲವಂತೆ, ಆದರೂ ಒಪ್ಪಿಕೊಂಡುಬಿಟ್ಟ.

ಉಳಿದಿದ್ದು ‘ಮದುಮಗ ಅರ್ಧ ದಾರಿಗೆ ಬಂದ (3)’. ವರ, ಮತ್ತೆ ದಾರಿಯ ಅರ್ಧ ‘ದಾ’. ವರದಾ. ಇದನ್ನೂ ತಿರುಗಿಸಿ ಬರೆದರೆ ಕೆಳಗಿನ ದಾಸವಾಳ ‘ವಸವಾಳ’ ಆಗುತ್ತಿತ್ತು! ಬನವಾಸಿ ಅಕ್ಕ ನಗತೊಡಗಿದರು. “ನಮ್ಮೂರ ಹೊಳೆ ನಿಮ್ಮ ಹಾಗೆ ಘಟ್ಟ ಇಳಿಯೋದಿಲ್ರೋ. ಅದು ಪೂರ್ವಕ್ಕೆ ಹೋಗಿ ತುಂಗಭದ್ರೆ ಸೇರುತ್ತೆ.” ‘ಒಬ್ಬಳ ಹೊರತು’ ಅಂದರೆ ಇವಳೇ. ಅವಳೊಬ್ಬಳನ್ನು ಎಡದಿಂದ ಬಲಕ್ಕೆ ಬರೆದೆವು.

ಬಿಡಿಸಿ ಮುಗಿದ ಮೇಲಿನ ಚರ್ಚೆಯೇ ಜಾಸ್ತಿ ಹೊತ್ತು ನಡೆಯಿತು. ‘ನಿಶಿ’ ಯಾರು ಆಡುತ್ತಾರೆ, ‘ನಿಶೆ’ ಅನ್ನುವುದಲ್ಲವೇ ಅಂತ ಬ್ಯಾಂಕಿನವರು ತೆಗೆದರು. ಮೇಷ್ಟ್ರು ನಿಘಂಟು ತಂದು ತೋರಿಸಿದ ಮೇಲೆ ಸುಮ್ಮನಾದರು. ನನ್ನ ತಕರಾರು ಬೇರೆ. ಜಿಮಿನೀಸ್ ಎಂಬ ಹೆಸರಿನಲ್ಲಿ ಇಂಗ್ಲಿಷ್ ಪದಬಂಧ ಕಟ್ಟುತ್ತಿದ್ದ ಮ್ಯಾಕ್‌ನಟ್ ಪ್ರಕಾರ ಸುಳಿವಿನಲ್ಲಿ ಉತ್ತರದ ಸರಿಯಾದ ಅರ್ಥ ಇರಲೇಬೇಕು. ಇಲ್ಲಿ ಕಾಳಿ ಬಿಟ್ಟರೆ ಯಾರಿಗೂ ಅರ್ಥವೇ ಇಲ್ಲ. ಆದರೆ ಬಳಗ ಒಮ್ಮೆ ಗೊತ್ತಾದರೆ ಅರ್ಥದ ಕೊರತೆ ತುಂಬಿಹೋಗುತ್ತದೆ, ಹಾಗಾಗಿ ಮೋಸವಲ್ಲ ಅನ್ನುವುದು ನನ್ನ ತೀರ್ಮಾನ. ಅಕ್ಕ ಇನ್ನೂ ಒಪ್ಪಿಲ್ಲ.

ನಮ್ಮ ಕಡೆಯ ಇನ್ನೊಂದು ಹೊಳೆ ಶಾಲ್ಮಲೆಯನ್ನು ಯಾಕೆ ಬಿಟ್ಟೆ ಅಂತ ಗೆಳೆಯನಿಗೆ ಫೋನು ಮಾಡಿ ಕೇಳಿದೆವು. ‘ಶಾಲ್ಮಲಾ’ದ ನಡುವಿನ ‘ಲ್ಮ’ ದಾಟಿಸುವ ಪದ ಸಿಗಲಿಲ್ಲ ಅಂದ. ಆ ರಾತ್ರಿಯೇ ಮೇಷ್ಟ್ರು ಅವನಿಗೆ ‘ಗುಲ್ಮ’ ಅಂತ ಮೆಸೇಜ್ ಕಳಿಸಿದ್ದಾರೆ. “ಆ ಪದ ನಿಮಗೊಬ್ಬರಿಗೇ ಗೊತ್ತಿರೋದು ಸರ್” ಅಂತ ಅವನಿಂದ ಉತ್ತರ ಬಂದಿದೆ.