ಲಾಭದ ಪಕ್ಕದಲ್ಲಿ ಇನ್ನೆರಡು ಲೆಕ್ಕ: ಉದ್ಯಮದ ಸಾಮಾಜಿಕ, ಪರಿಸರ ಪರಿಣಾಮವನ್ನು ಅಳೆಯುವ ಬಗೆ

ಉದ್ಯಮದ ಸಾಧನೆಯನ್ನು ಲಾಭ, ಜನ, ಪರಿಸರ ಎಂಬ ಮೂರು ಲೆಕ್ಕಗಳಲ್ಲಿ ನೋಡಬೇಕೆಂಬ ವಿಚಾರಕ್ಕೆ 1994ರಲ್ಲಿ ‘ಟ್ರಿಪಲ್ ಬಾಟಮ್ ಲೈನ್’ ಎಂದು ಹೆಸರಿಟ್ಟವರು ಬ್ರಿಟನ್ನಿನ ಲೇಖಕ, ಉದ್ಯಮ ಸಲಹೆಗಾರ ಜಾನ್ ಎಲ್ಕಿಂಗ್ಟನ್. ದೋಷ ಕಂಡುಬಂದ ವಾಹನವನ್ನು ತಯಾರಕರು ಹಿಂದಕ್ಕೆ ತರಿಸಿಕೊಳ್ಳುವಂತೆ, 2018ರಲ್ಲಿ ಅವರೇ ಆ ಪರಿಕಲ್ಪನೆಯನ್ನು ಮರುಪರಿಶೀಲನೆಗಾಗಿ ಹಿಂದಕ್ಕೆ ಕರೆಯುತ್ತಿರುವುದಾಗಿ ಬರೆದರು. ಉದ್ಯಮ ನಡೆಯುವ ರೀತಿಯನ್ನೇ ಬದಲಿಸಲೆಂದು ಹುಟ್ಟಿದ ವಿಚಾರ ಬರಿಯ ವರದಿಯ ಸಾಧನವಾಗಿ ಉಳಿಯಿತು ಎಂಬುದು ಅವರ ಬೇಸರ. ಆ ಬೇಸರ ನ್ಯಾಯವಾದದ್ದೆಂದು ನಾನು ನಂಬುತ್ತೇನೆ. ಆದ್ದರಿಂದ ಇಲ್ಲಿ ಹೇಳುವ ಕ್ರಮವೆಲ್ಲ ಒಂದೇ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡಿದೆ: ಈ ಅಂಕಿ ಬದಲಾದರೆ ನಮ್ಮ ಯಾವ ತೀರ್ಮಾನ ಬದಲಾಗುತ್ತದೆ?

ಮೊದಲು ಎಲ್ಲೆಯನ್ನು ಗುರುತಿಸಿಕೊಳ್ಳಬೇಕು. ಸ್ವಂತ ಕಾರ್ಖಾನೆ ಮತ್ತು ಕಚೇರಿ ಮಾತ್ರವೇ, ಗುತ್ತಿಗೆ ಕೆಲಸಗಾರರೂ ಸೇರಿಯೇ, ಕಚ್ಚಾವಸ್ತು ಒದಗಿಸುವವರವರೆಗೂ ಹೋಗಬೇಕೇ ಎಂಬುದನ್ನು ಅಳತೆ ಶುರುವಾಗುವ ಮುನ್ನವೇ ಬರೆದಿಡಿ. ಹಾನಿ ಹೆಚ್ಚಾಗಿರುವ ಕೆಲಸವನ್ನು ಹೊರಗಿನವರಿಗೆ ಒಪ್ಪಿಸಿ ನಮ್ಮ ಲೆಕ್ಕ ಶುದ್ಧವಾಯಿತೆಂದು ತೋರಿಸುವ ದಾರಿ ಮುಚ್ಚುವುದು ಇದರಿಂದಲೇ. ಕ್ರೀಡಾ ಉಡುಪಿನ ಪ್ಯೂಮಾ ಕಂಪನಿ 2011ರಲ್ಲಿ ಪ್ರಕಟಿಸಿದ ಪರಿಸರ ಲಾಭ-ನಷ್ಟದ ಲೆಕ್ಕ ಇದಕ್ಕೆ ಸ್ಪಷ್ಟ ನಿದರ್ಶನ. 2010ನೇ ವರ್ಷದಲ್ಲಿ ಪರಿಸರಕ್ಕಾದ ಹಾನಿಯ ಮೌಲ್ಯ 14.5 ಕೋಟಿ ಯೂರೋ ಎಂದು ಅದು ಅಂದಾಜಿಸಿತು. ಅದರಲ್ಲಿ ಕಂಪನಿಯ ಸ್ವಂತ ಚಟುವಟಿಕೆಯ ಪಾಲು ಸುಮಾರು ಶೇ. 6 ಮಾತ್ರ, ಮಿಕ್ಕದ್ದೆಲ್ಲ ಪೂರೈಕೆ ಸರಪಳಿಯದು, ಅದರಲ್ಲೂ ಹತ್ತಿ, ಚರ್ಮ, ರಬ್ಬರುಗಳಂಥ ಕಚ್ಚಾವಸ್ತುಗಳ ಹಂತದ್ದು. ಕಚೇರಿಯ ದೀಪಗಳನ್ನಷ್ಟೇ ಎಣಿಸಿದ್ದರೆ ಈ ಸಂಗತಿ ಕಾಣುತ್ತಲೇ ಇರಲಿಲ್ಲ.

ಎಲ್ಲೆ ನಿಂತ ಮೇಲೆ ಅಳೆಯಬೇಕಾದ ವಿಷಯಗಳನ್ನು ಆರಿಸಿ. ಎರಡು ಕಡೆಯಿಂದಲೂ ನೋಡುವುದು ಒಳ್ಳೆಯ ಪದ್ಧತಿ: ಉದ್ಯಮವು ಜನರ ಮೇಲೆ, ನೆಲ-ಜಲದ ಮೇಲೆ ಮಾಡುವ ಪರಿಣಾಮ ಒಂದು, ನೀರಿನ ಕೊರತೆ, ಬಿಸಿಲಿನ ಏರಿಕೆಗಳಂಥವು ಉದ್ಯಮದ ಮೇಲೆ ಮಾಡುವ ಪರಿಣಾಮ ಇನ್ನೊಂದು. ಕೆಲಸಗಾರರನ್ನೂ ನೆರೆಯವರನ್ನೂ ಪೂರೈಕೆದಾರರನ್ನೂ ಕೇಳದೆ ಈ ಪಟ್ಟಿ ಮಾಡಬೇಡಿ. ಆರೇಳು ಅಳತೆಗಳು ಸಾಕು. ಅರವತ್ತು ಅಳತೆಗಳಿರುವ ಕಡತವನ್ನು ಯಾರೂ ಎರಡನೆಯ ಸಲ ತೆರೆಯುವುದಿಲ್ಲ.

ಪರಿಸರದ ಅಳತೆಗೆ ಬೇಕಾದ ದಾಖಲೆಗಳು ಬಹುಮಟ್ಟಿಗೆ ಲೆಕ್ಕಪತ್ರ ವಿಭಾಗದಲ್ಲೇ ಇರುತ್ತವೆ. ಇಂಧನದ ರಸೀದಿ, ವಿದ್ಯುತ್ ಬಿಲ್ಲು, ನೀರಿನ ಮೀಟರು, ತ್ಯಾಜ್ಯ ಸಾಗಿಸಿದ ಚೀಟಿ ಇವುಗಳಿಂದ ಆರಂಭಿಸಿ. ಹಸಿರುಮನೆ ಅನಿಲಗಳನ್ನು ಜಿಎಚ್‌ಜಿ ಪ್ರೋಟೋಕಾಲ್ ಎಂಬ, ಈ ಅನಿಲಗಳ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ನಿಯಮಾವಳಿ ಮೂರು ಸ್ಕೋಪ್‌ಗಳಾಗಿ ವಿಂಗಡಿಸುತ್ತದೆ: ನಾವೇ ಸುಡುವ ಇಂಧನದಂಥ ನೇರ ಮೂಲಗಳಿಂದ ಬರುವುದು ಮೊದಲನೆಯದು, ಕೊಂಡ ವಿದ್ಯುತ್ತಿನ ಉತ್ಪಾದನೆಯಿಂದ ಬರುವುದು ಎರಡನೆಯದು, ಸರಕು ಖರೀದಿ, ಸಾಗಣೆ, ಗ್ರಾಹಕರ ಬಳಕೆ ಮುಂತಾಗಿ ಉಳಿದ ಪರೋಕ್ಷ ಮೂಲಗಳು ಮೂರನೆಯದು. ಮೊದಲ ಎರಡರ ಗಣಿತ ಸರಳ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ವರ್ಷಕ್ಕೆ 10,000 ಲೀಟರ್ ಬಳಸುವ ಉದ್ಯಮದ ಲೆಕ್ಕ 27 ಟನ್ನಿನ ಹತ್ತಿರ ಬರುತ್ತದೆ. ಮೂರನೆಯದು ಕಷ್ಟ, ಅಲ್ಲಿ ಅಂದಾಜನ್ನು ಅಂದಾಜೆಂದೇ ನಮೂದಿಸಿ.

ಒಟ್ಟು ಮೊತ್ತವನ್ನೂ ಪ್ರತಿ ಉತ್ಪನ್ನಕ್ಕೆ ತಗಲುವ ಪ್ರಮಾಣವನ್ನೂ ಜೊತೆಜೊತೆಗೇ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಪ್ರತಿ ಉತ್ಪನ್ನದ ಹೊರಸೂಸುವಿಕೆ ಶೇ. 10ರಷ್ಟು ಇಳಿದು, ಉತ್ಪಾದನೆ ಶೇ. 30ರಷ್ಟು ಏರಿದರೆ, ಒಟ್ಟು ಹೊರಸೂಸುವಿಕೆ ಶೇ. 17ರಷ್ಟು ಹೆಚ್ಚಿರುತ್ತದೆ. ಮೊದಲ ಅಂಕಿಯನ್ನು ಮಾತ್ರ ಪ್ರಕಟಿಸುವುದು ಸುಳ್ಳಲ್ಲದಿದ್ದರೂ ಓದುಗರನ್ನು ದಾರಿ ತಪ್ಪಿಸುತ್ತದೆ. ವಾತಾವರಣ ಗಮನಿಸುವುದು ಒಟ್ಟು ಮೊತ್ತವನ್ನೇ.

ಜನರ ಲೆಕ್ಕದಲ್ಲಿ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಇಲ್ಲಿ ಮಾಡಿದ ಕೆಲಸವನ್ನು ಆದ ಬದಲಾವಣೆಯೆಂದು ತಿಳಿಯುವ ತಪ್ಪು ಬಹಳ ಸುಲಭವಾಗಿ ನುಸುಳುತ್ತದೆ. ಇನ್ನೂರು ಜನರಿಗೆ ತರಬೇತಿ ಕೊಟ್ಟೆವೆಂಬುದು ನಾವು ಮಾಡಿದ ಕೆಲಸ. ಅವರಲ್ಲಿ ಎಷ್ಟು ಮಂದಿಯ ವೇತನ ಏರಿತು, ತರಬೇತಿಯಿಲ್ಲದೆಯೂ ಎಷ್ಟು ಮಂದಿಗೆ ಏರುತ್ತಿತ್ತು ಎಂಬುದನ್ನು ಕಳೆದು ನೋಡಿದಾಗ ಸಿಗುವುದು ಪರಿಣಾಮ. ವೇತನವನ್ನು ಸರಾಸರಿಯಲ್ಲಿ ನೋಡದೆ ಅತಿ ಕಡಿಮೆ ಪಡೆಯುವವರಿಂದ ನೋಡಿ. ಕೆಲವರ ದೊಡ್ಡ ಸಂಬಳ ಸರಾಸರಿಯನ್ನು ಮೇಲೆತ್ತಿಬಿಡುತ್ತದೆ. ಅಪಘಾತಗಳನ್ನು ದುಡಿದ ಪ್ರತಿ 10 ಲಕ್ಷ ಗಂಟೆಗೆ ಇಷ್ಟು ಎಂದು ಲೆಕ್ಕ ಹಾಕುವ ರೂಢಿಯಿದೆ. ಐವತ್ತು ಜನರಿರುವ ಘಟಕದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಗಂಟೆ ದುಡಿಮೆ ನಡೆದರೆ, ಒಂದೇ ಅಪಘಾತ ಆ ದರವನ್ನು ಸೊನ್ನೆಯಿಂದ ಹತ್ತಕ್ಕೆ ಏರಿಸುತ್ತದೆ. ಆದ್ದರಿಂದ ಸಣ್ಣ ಘಟಕಗಳು ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನೂ ದಾಖಲಿಸಬೇಕು. ಅವನ್ನು ಹೇಳಿಕೊಂಡ ಕೆಲಸಗಾರನಿಗೆ ದಂಡನೆಯ ಭಯ ಇರಬಾರದು.

ಮೂರು ಲೆಕ್ಕಗಳನ್ನು ಕೂಡಿಸಿ ಒಂದೇ ಅಂಕವಾಗಿಸುವ ಆಸೆಯನ್ನು ಬಿಡಿ. ಹಾನಿಯನ್ನು ಹಣದ ರೂಪದಲ್ಲಿ ಅಂದಾಜಿಸುವುದರಿಂದ, ಪ್ಯೂಮಾ ಲೆಕ್ಕದಲ್ಲಿ ಕಂಡಂತೆ, ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ತಿಳಿಯುತ್ತದೆ. ಆದರೆ ಕೂಡಿಸಿದ ಅಂಕದಲ್ಲಿ ಒಬ್ಬನ ಮುರಿದ ಕೈಯನ್ನು ಲಾಭದ ಏರಿಕೆ ಸರಿದೂಗಿಸಿಬಿಡುತ್ತದೆ, ಮತ್ತು ಯಾವುದಕ್ಕೆ ಎಷ್ಟು ತೂಕ ಕೊಟ್ಟೆವೆಂಬುದು ಓದುವವರ ಕಣ್ಣಿಗೆ ಬೀಳುವುದಿಲ್ಲ.

ಮುಂದಿನ ವರ್ಷಗಳನ್ನು ಹೋಲಿಸಿ ನೋಡಲು ಒಂದು ಆಧಾರ ವರ್ಷವನ್ನು ಗೊತ್ತುಮಾಡಿ, ಅಳೆಯುವ ವಿಧಾನ ಬದಲಾದಾಗ ಹಳೆಯ ಅಂಕಿಗಳನ್ನೂ ಹೊಸ ವಿಧಾನದಲ್ಲಿ ತಿದ್ದಿ ಬರೆಯಿರಿ. ಪ್ರತಿ ಅಂಕಿಗೂ ಹೊಣೆಗಾರರೊಬ್ಬರಿರಲಿ, ಅದರ ಮೂಲ ದಾಖಲೆ ಕೈಗೆ ಸಿಗುವಂತಿರಲಿ, ಹೊರಗಿನವರೊಬ್ಬರು ಪರಿಶೀಲಿಸಲಿ. ಹೊರಗೆ ವರದಿ ಕೊಡುವ ಹೊತ್ತಿಗೆ, ಸಮಾಜ ಮತ್ತು ಪರಿಸರದ ಮೇಲಿನ ಪರಿಣಾಮವನ್ನು ವರದಿ ಮಾಡಲೆಂದು ಇರುವ ಜಿಆರ್‌ಐ ಮಾನದಂಡಗಳನ್ನೋ, ಸುಸ್ಥಿರತೆ, ಹವಾಮಾನಗಳಿಗೆ ಸಂಬಂಧಿಸಿದ ಅಪಾಯಗಳನ್ನು ಹೂಡಿಕೆದಾರರಿಗೆ ತಿಳಿಸಲೆಂದು 2023ರಲ್ಲಿ ಬಂದ ಐಎಫ್‌ಆರ್‌ಎಸ್ ಎಸ್1, ಎಸ್2 ಮಾನದಂಡಗಳನ್ನೋ ನೋಡಿಕೊಳ್ಳಬಹುದು.

ಇಷ್ಟಾದ ಮೇಲೆ, ಆಡಳಿತ ಮಂಡಳಿಯ ಸಭೆಗೆ ಲಾಭ-ನಷ್ಟದ ಪಟ್ಟಿ ಹೋಗುವ ದಿನವೇ, ಅದೇ ಪುಟದಲ್ಲಿ ಈ ಅಂಕಿಗಳೂ ಹೋಗಲಿ. ಹೊಸ ಯಂತ್ರದ ಖರೀದಿಯೋ ಪೂರೈಕೆದಾರರ ಬದಲಾವಣೆಯೋ ಚರ್ಚೆಗೆ ಬಂದಾಗ ಮೂರು ಲೆಕ್ಕಗಳ ಮೇಲೂ ಅದರ ಪರಿಣಾಮವೇನೆಂದು ಪ್ರಸ್ತಾವದಲ್ಲೇ ಬರೆದಿರಬೇಕು. ಲಾಭಕ್ಕಾಗಿ ಉಳಿದೆರಡರಲ್ಲಿ ಒಂದನ್ನು ಬಿಟ್ಟುಕೊಟ್ಟಿದ್ದರೆ, ಬಿಟ್ಟುಕೊಟ್ಟದ್ದು ಎಷ್ಟು, ಯಾರ ಒಪ್ಪಿಗೆಯಿಂದ ಎಂಬುದು ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು.