ಹಳೆಯ ವರ್ಕ್‌ಶಾಪು ಹವ್ಯಾಸದ ಗ್ಯಾರೇಜಾಗಲು: ಮೊದಲು ಸೂರು, ಕೊನೆಗೆ ಬಣ್ಣ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ನಡುವೆ ಬೀಗ ಬಿದ್ದ ವರ್ಕ್‌ಶಾಪುಗಳು ಈಗಲೂ ಕಾಣಸಿಗುತ್ತವೆ. ಮಂಗಳೂರು ಹೆಂಚಿನ ಇಳಿಜಾರು ಸೂರು, ಅಗಲವಾದ ಜೋಡಿ ಬಾಗಿಲು, ಎಣ್ಣೆ ಕುಡಿದು ಕಪ್ಪಾದ ನೆಲ. ನನ್ನ ಸೋದರಮಾವನವರ ಲೇತ್ ವರ್ಕ್‌ಶಾಪು ಅಂಥದ್ದೇ. ಊರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅವರು ಜಾವಾ, ಯೆಜ್ಡಿ ಗಾಡಿಗಳಿಗೆ ಬುಷ್, ಪಿನ್ನಿನಂಥ ಬಿಡಿಭಾಗ ಕಡೆದುಕೊಡುತ್ತಿದ್ದರು. ಕಣ್ಣು ಮಂಜಾದಾಗ ಕೆಲಸ ನಿಲ್ಲಿಸಿದರು. ವರ್ಷಗಟ್ಟಲೆ ಮುಚ್ಚಿದ್ದ ಆ 20 ಅಡಿ ಅಗಲ, 35 ಅಡಿ ಉದ್ದದ ಕಟ್ಟಡವನ್ನು ನಾವು ನಾಲ್ವರು ಗೆಳೆಯರು ಹಳೆಯ ಬೈಕುಗಳ ದುರಸ್ತಿಗೂ ಸಂಜೆಯ ಮಾತುಕತೆಗೂ ಸಜ್ಜು ಮಾಡಿಕೊಂಡೆವು.

ಇಂಥ ಕೆಲಸದಲ್ಲಿ ಹಣಕ್ಕಿಂತ ಅನುಕ್ರಮ ಮುಖ್ಯ. ನೀರು ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯುವವರೆಗೆ ಒಂದು ಡಬ್ಬಿ ಬಣ್ಣವನ್ನೂ ಕೊಳ್ಳಬೇಡಿ.

ಒಂದು ಮಳೆಯನ್ನು ಒಳಗೆ ನಿಂತು ನೋಡಿ

ಒಳಗಿನ ಗುಜರಿ, ತಗಡಿನ ಚೂರು, ಜೇಡರ ಬಲೆಗಳನ್ನು ತೆಗೆದು ಕಟ್ಟಡವನ್ನು ಬರಿದು ಮಾಡಿ. ಆಮೇಲೆ ಜೋರು ಮಳೆಗೆ ಕಾಯಿರಿ. ಮೈಸೂರಿನ ಕಡೆಯವರಿಗೆ ಮೇ ತಿಂಗಳ ಗಾಳಿಮಳೆ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಸೀಮೆಸುಣ್ಣ ಹಿಡಿದು ನಿಂತು, ಹನಿ ಬಿದ್ದಲ್ಲೆಲ್ಲ ನೆಲದ ಮೇಲೆ ಗುರುತು ಹಾಕಿ. ಗೋಡೆಯಲ್ಲಿ ತೇವ ಎಷ್ಟು ಎತ್ತರಕ್ಕೆ ಏರಿದೆ ಎಂಬುದಕ್ಕೂ ಗೆರೆ ಎಳೆಯಿರಿ. ಸೂರಿನಿಂದ ಇಳಿದ ನೀರಿನ ಕಲೆ ಮೇಲಿನಿಂದ ಕೆಳಗೆ ಹರಡುತ್ತದೆ. ನೆಲದಿಂದ ಹೀರಿದ ತೇವ ಬುಡದಿಂದ ಎರಡು ಮೂರು ಅಡಿ ಏರಿ ನಿಲ್ಲುತ್ತದೆ. ಇವೆರಡರ ಮದ್ದು ಬೇರೆ ಬೇರೆ.

ಗೋಡೆಯ ಬಿರುಕುಗಳ ಪರೀಕ್ಷೆಯನ್ನೂ ಇದೇ ಹೊತ್ತಿಗೆ ಶುರು ಮಾಡಿ. ಬಿರುಕಿನ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಇಟ್ಟು, ಎರಡೂ ತುದಿಗೆ ಸಿಮೆಂಟಿನ ಉಂಡೆ ಮೆತ್ತಿ, ದಿನಾಂಕ ಬರೆದು ಬಿಡಿ. ತಿಂಗಳುಗಳು ಕಳೆದರೂ ಗಾಜು ಹಾಗೆಯೇ ಇದ್ದರೆ ಅದು ಹಳೆಯ ಗಾಯ, ತುಂಬಿ ಮುಚ್ಚಬಹುದು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಆಗ ಸ್ಟ್ರಕ್ಚರಲ್ ಎಂಜಿನಿಯರೊಬ್ಬರನ್ನು ಕರೆಸದೆ ಮುಂದಿನ ಹೆಜ್ಜೆ ಇಡಬೇಡಿ.

ಸೂರು

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ನಾಡಿನ ಸೂರುಗಳ ಮೇಲೆ ಕುಳಿತ ಈ ಕೆಂಪು ಹೆಂಚುಗಳು ಸುಲಭಕ್ಕೆ ಸೋಲುವುದಿಲ್ಲ. ಸೋಲುವುದು ಅವುಗಳ ಕೆಳಗಿನ ಮರ. ಏಣಿ ಹತ್ತಿ, ಸ್ಕ್ರೂಡ್ರೈವರಿನಿಂದ ಪ್ರತಿ ತೊಲೆಯ ತುದಿಯನ್ನೂ, ಅದರಲ್ಲೂ ಗೋಡೆಯೊಳಗೆ ಸೇರುವ ಭಾಗವನ್ನು, ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಗೆ ಇಳಿದರೆ ಗೆದ್ದಲೋ ಕೊಳೆಯೋ ತನ್ನ ಕೆಲಸ ಮುಗಿಸಿದೆ.

ಹೆಂಚುಗಳನ್ನು ನೆತ್ತಿಯಿಂದ ಕೆಳಕ್ಕೆ ಸಾಲುಸಾಲಾಗಿ ಇಳಿಸಿ, ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಕಣಕಣ ಎನ್ನುವ ಹೆಂಚು ಮತ್ತೆ ಏರಬಹುದು, ಬೊದ್ದು ಸದ್ದು ಬಂದರೆ ಪಕ್ಕಕ್ಕಿಡಿ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕಾಗುತ್ತದೆ. ಹೆಂಚು ಕೂರುವ ಮರದ ಪಟ್ಟಿಗಳಾದ ಹೊಸ ರೀಪರುಗಳ ಅಂತರವನ್ನು ಟೇಪಿನಿಂದ ಅಲ್ಲ, ನಿಮ್ಮ ಹಳೆಯ ಹೆಂಚನ್ನೇ ಇಟ್ಟು ಗುರುತಿಸಿ. ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ಒಂದಿಷ್ಟು ಬದಲಾಗುತ್ತದೆ. ಇದೇ ಕಾರಣಕ್ಕೆ ಒಂದೇ ಇಳಿಜಾರಿನಲ್ಲಿ ಎರಡು ಕಾರ್ಖಾನೆಗಳ ಹೆಂಚು ಬೆರೆಸಬಾರದು. ಬೆರೆಸಿದಲ್ಲಿ ಸೋರುತ್ತದೆ. ಕೆಲಸದ ಮೇಜು ಬರುವ ಕಡೆ ನಾಲ್ಕಾರು ಗಾಜಿನ ಹೆಂಚು ಕೂರಿಸಿ. ಹಗಲಿನಲ್ಲಿ ಬೇರೆ ದೀಪ ಬೇಡವೇ ಬೇಡ.

ಪಕ್ಕದ ಚಾವಣಿಗೆ ಆಸ್ಬೆಸ್ಟಾಸ್ ಶೀಟು ಹೊದಿಸಿದ್ದರೆ ಅದನ್ನು ಕತ್ತರಿಸುವುದು, ಕೊರೆಯುವುದು, ಉಜ್ಜುವುದು ಖಂಡಿತ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ತೆಗೆಸಲೇಬೇಕಿದ್ದರೆ ಅನುಭವಸ್ಥರಿಂದ, ನೀರಿನಲ್ಲಿ ನೆನೆಸಿ, ಒಡೆಯದಂತೆ ಇಡಿಯಾಗಿ ಇಳಿಸಿ.

ಗೋಡೆಗೆ ಸುಣ್ಣ

ಇಲ್ಲಿ ನಾವು ತಪ್ಪಿದೆವು. ಪಡುವಣ ಗೋಡೆಯ ಉದುರಿದ ಗಾರೆಯನ್ನು ಕೆತ್ತಿಸಿ, ಗಟ್ಟಿಯಾಗಲಿ ಎಂದು ಸಿಮೆಂಟ್ ಬಳಿಸಿದೆವು. ಮುಂದಿನ ಅಕ್ಟೋಬರ್ ಮಳೆ ಮುಗಿಯುವಷ್ಟರಲ್ಲಿ ಅದು ಹಪ್ಪಳದಂತೆ ಉಬ್ಬಿ, ಬಿಳಿ ಉಪ್ಪು ಕಾರಿ ಕಳಚಿತು. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತಲೇ ಬದುಕಿರುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ಅರಳಿಸಿ ಹದ ಮಾಡಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಕಲಸಿ ಬಳಿದ ಗೋಡೆ ಈಗ ಒಣಗಿದೆ. ಮೇಲೆ ಪ್ಲಾಸ್ಟಿಕ್ ಬಣ್ಣ ಬೇಡ, ಸುಣ್ಣವೇ ಸಾಕು.

ಸೂರಿನ ನೀರು ಗೋಡೆಯ ಬುಡದಲ್ಲಿ ಬೀಳದಂತೆ ತಗಡಿನ ದೋಣಿ ಕಟ್ಟಿಸಿ ಮೋರಿಗೆ ಹಾಯಿಸಿ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಇದ್ದರೆ ಅದನ್ನು ಅಗೆದು ತಗ್ಗಿಸಿ.

ಎಣ್ಣೆ ಕುಡಿದ ನೆಲ

ಹಳೆಯ ನೆಲ ಗಟ್ಟಿಯಾಗಿದ್ದರೆ ಮರದ ಹೊಟ್ಟು ಹರಡಿ ಎಣ್ಣೆ ಹೀರಿಸಿ, ಬಿಸಿನೀರು ಮತ್ತು ವಾಷಿಂಗ್ ಸೋಡಾದಿಂದ ಮೂರು ನಾಲ್ಕು ಸಲ ಉಜ್ಜಿ. ಕಲೆ ಉಳಿದರೆ ಉಳಿಯಲಿ, ಅದು ಗ್ಯಾರೇಜು. ಆದರೆ ಎಣ್ಣೆ ಇಳಿದ ನೆಲದ ಮೇಲೆ ತೆಳುವಾಗಿ ಹೊಸ ಕಾಂಕ್ರೀಟ್ ಹಾಕಬೇಡಿ, ಅದು ಹಿಡಿಯುವುದಿಲ್ಲ. ನೆಲಕ್ಕೆ ಗಟ್ಟಿ ಪದರವಾಗುವ ಎಪಾಕ್ಸಿ ಲೇಪ ಬಳಿಯುವ ಆಸೆಯಿದ್ದರೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಿ. ಅಡಿಯಲ್ಲಿ ನೀರಹನಿ ಕಂಡರೆ ಎಪಾಕ್ಸಿ ಏಳುತ್ತದೆ.

ಒಡೆದ ನೆಲವನ್ನು ಪೂರ್ತಿ ಕಿತ್ತುಹಾಕಿ. ಮಣ್ಣು ದಮ್ಮಸ್ಸು ಮಾಡಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕು ಅಂಗುಲ ಕಾಂಕ್ರೀಟ್ ಹಾಕಿ. ಕಾರು ನಿಲ್ಲುವುದಾದರೆ ಆರು ಅಂಗುಲ. ಗೋಡೆಯ ಪಕ್ಕ ಒಂದು ಗೇಣು ಬಿಟ್ಟು ಬರೀ ಜಲ್ಲಿ ತುಂಬಿದರೆ ನೆಲದಡಿಯ ತೇವ ಗೋಡೆಯನ್ನು ಹತ್ತುವ ಬದಲು ಅಲ್ಲಿಂದ ಹೊರಹೋಗುತ್ತದೆ. ಪ್ರತಿ 10 ಅಡಿಗೆ ಒಂದೂವರೆ ಅಂಗುಲದಂತೆ ಬಾಗಿಲ ಕಡೆಗೆ ಇಳಿಜಾರಿರಲಿ. ಕಟ್ಟೆ ಕಟ್ಟಿ ಕನಿಷ್ಠ 10 ದಿನ ನೀರು ನಿಲ್ಲಿಸಿ.

ಹಳೆಯ ವರ್ಕ್‌ಶಾಪುಗಳಲ್ಲಿ ಗಾಡಿಯ ಅಡಿಭಾಗ ನೋಡಲು ಗುಂಡಿ ಇರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ಹರಿದು ಗುಂಡಿಯಲ್ಲಿ ಕೂರುತ್ತದೆ. ಒಂದು ಕಿಡಿ ಸಾಕು. ನಾವು ಗುಂಡಿಯನ್ನು ಮುಚ್ಚಿಸಿದೆವು.

ವಿದ್ಯುತ್ತು

ಹಳೆಯ ವೈರಿಂಗನ್ನು ನಂಬಬೇಡಿ, ಪೂರ್ತಿ ತೆಗೆಸಿ. ವರ್ಕ್‌ಶಾಪಿನ ಮೂರು ಫೇಸ್ ಸಂಪರ್ಕ ಇನ್ನೂ ಇದ್ದರೆ ಅದು ಯಾರ ಹೆಸರಿನಲ್ಲಿ, ಯಾವ ದರದ ವರ್ಗದಲ್ಲಿ ಇದೆಯೆಂದು ನಿಮ್ಮ ವಿದ್ಯುತ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಹೊಸ ಅರ್ಥಿಂಗ್ ಗುಂಡಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು), ಕಂಪ್ರೆಸರಿಗೆ 4 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ ಬೇಕೇ ಬೇಕು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ. ಪೆಟ್ರೋಲ್ ಆವಿಯ ಕಾರಣಕ್ಕಾಗಿಯೇ ಸಾಕೆಟ್ಟುಗಳು ನೆಲದಿಂದ ಮೂರೂವರೆ ಅಡಿ ಮೇಲಿರಲಿ.

ಕೆಲಸದ ಜಾಗ, ಕೂರುವ ಜಾಗ

ಸೂರಿನ ಹಳೆಯ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಎತ್ತುವ ಯೋಚನೆ ಬಿಡಿ. ನೆಲದ ಮೇಲೆ ಚಕ್ರದಲ್ಲಿ ಸಾಗುವ ಕ್ರೇನ್ ತನ್ನಿ. ಮೇಜಿನ ಮೇಲೆ ಲೋಹವನ್ನು ಬಿಗಿಹಿಡಿಯುವ ವೈಸಿನ ಬಾಯಿ ನಿಮ್ಮ ಮೊಣಕೈ ಮಟ್ಟಕ್ಕಿದ್ದರೆ ಅರ ಹಿಡಿದವರ ಬೆನ್ನು ನೋಯುವುದಿಲ್ಲ. ಸದ್ದು ಮಾಡುವ ಕಂಪ್ರೆಸರ್ ಹಿಂಬದಿಯ ಚಾವಣಿಯಡಿಗೆ ಹೋದರೆ ಒಳಗಿನ ಮಾತು ಕೇಳಿಸುತ್ತದೆ.

ಕೂರುವ ಜಾಗ ಬೇರೆಯೇ ಆಗಿರಬೇಕು. ನಾವು ಬಾಗಿಲ ಬಲಕ್ಕೆ 10 ಅಡಿಯಷ್ಟು ಜಾಗಕ್ಕೆ ಇಟ್ಟಿಗೆಯ ಅರ್ಧಗೋಡೆ, ಮೇಲೆ ಗಾಜು ಹಾಕಿಸಿ ಬೇರ್ಪಡಿಸಿದೆವು. ಕಾಫಿಯ ಒಲೆ, ಕೇರಂ ಬೋರ್ಡು, ಎರಡು ಬೆಂಚು ಅಲ್ಲಿವೆ. ಪೆಟ್ರೋಲ್ ಟ್ಯಾಂಕು ಬಿಚ್ಚಿದ ದಿನ ಒಲೆ ಹಚ್ಚುವಂತಿಲ್ಲ. ಬೆಂಕಿ ನಂದಿಸುವ ಎಬಿಸಿ ಪುಡಿಯ ಸಿಲಿಂಡರು ಒಳಮೂಲೆಯಲ್ಲಲ್ಲ, ಹೊರಗೋಡುವ ಬಾಗಿಲ ಬಳಿ ಇರಲಿ. ಎಂಜಿನ್ ಚಾಲೂ ಮಾಡುವಾಗ ಗಾಡಿಯನ್ನು ಅಂಗಳಕ್ಕೆ ತಳ್ಳಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಕೆಟ್ಟ ಎಂಜಿನ್ ಆಯಿಲನ್ನು ಮೋರಿಗೆ ಸುರಿಯದೆ ಕ್ಯಾನಿನಲ್ಲಿ ತುಂಬಿಟ್ಟು, ಮರುಬಳಕೆಗೆ ಅಧಿಕೃತವಾಗಿ ಕೊಳ್ಳುವವರಿಗೆ ಒಪ್ಪಿಸಿ.

ಸುಣ್ಣ ಬಳಿಯುವ ಮುನ್ನ ಗೋಡೆಗಳನ್ನು ಒಮ್ಮೆ ಓದಿ. ನಮ್ಮಲ್ಲಿ ಲೇತಿನ ಹಿಂದೆ, ಆಳೆತ್ತರದಲ್ಲಿ, ಮಾವನವರು ಪೆನ್ಸಿಲಿನಿಂದ ಬರೆದ ಅಳತೆಗಳಿದ್ದವು: ಯಾವ ಗಾಡಿಗೆ ಎಷ್ಟು ಗಾತ್ರದ ಬುಷ್, ಎಷ್ಟು ಸಡಿಲ. ಆ ಆರು ಅಡಿ ಗೋಡೆಯನ್ನು ಹಾಗೆಯೇ ಬಿಟ್ಟೆವು. ಅಂಗಡಿಯಲ್ಲಿ ಬಿಡಿಭಾಗ ಸಿಗದ ದಿನ ಅದನ್ನು ನೋಡಿಯೇ ಕಡೆಯುತ್ತೇವೆ. ಅಂಕಿ ಮಾಸಿದ ಕಡೆ ಮಾವನವರನ್ನು ಕರೆತಂದು ಕೇಳುತ್ತೇವೆ.