ಹೆಡ್ ಹೋದ ಗಾಡಿ ನಾ ಹೆಂಗ ಮಾರ್ದೆ

ನಂದು 2011ರ ಸ್ವಿಫ್ಟ್ ಡೀಸೆಲ್, ಕೆಎ 32 ಪಾಸಿಂಗ್, 1.8 ಲಕ್ಷ ಕಿಲೋಮೀಟರ್ ಓಡಿತ್ತು. 2024ರ ಬ್ಯಾಸಗ್ಯಾಗ ಜೇವರ್ಗಿಯಿಂದ ಕಲಬುರಗಿಗಿ ವಾಪಸ್ ಬರ್ಲತ್ತಿದ್ದೆ, ಕಟ್ಟಿಸಂಗಾವಿ ಬ್ರಿಜ್ ದಾಟಿದ ಮ್ಯಾಲ ಟೆಂಪರೇಚರ್ ಮುಳ್ಳು ಏರಿದ್ದು ಕಣ್ಣಿಗಿ ಬಿತ್ತು, ಆದ್ರೂ ಫರಹತಾಬಾದ್‌ದಾಗ ನಿಲ್ಸಿದ್ರಾತು ಬಿಡು ಅಂತ ಹಂಗೇ ಹೊಡದೆ. ತಪ್ಪು ನಂದೇ, ಗಾಡೀದಲ್ಲ. ಹೋಸ್ ಒಡದು ಕೂಲಂಟ್ (ಇಂಜನ್ ತಂಪಿಡೋ ನೀರು) ಪೂರಾ ಖಾಲಿ ಆಗಿತ್ತು.

ಮರುದಿನ ಮಿಸ್ತ್ರಿ ಬಂದು ಇಂಜನ್ ಎಣ್ಣಿ ನೋಡೋ ಕಡ್ಡಿ, ಅಂದ್ರ ಡಿಪ್‌ಸ್ಟಿಕ್ ಎಳದು ನನ್ನ ಮಾರಿ ಮುಂದ ಹಿಡದ. ಕರ್ರಗ ಇರ್ಬೇಕಾದ ಎಣ್ಣಿ ಹಾಲ್ ಜಾಸ್ತಿ ಆದ ಚಹಾದಂಗ ಕಾಣ್ತಿತ್ತು. "ಇಂಜನ್ ಮ್ಯಾಲಿನ ಭಾಗ, ಹೆಡ್, ಬೆಂಡ್ ಆಗ್ಯಾದ್ರಿ, ನೀರು ಎಣ್ಣಿ ಕೂಡ್ಯಾವ. ಇನ್ನ ಚಾವಿ ಮುಟ್ಟಬ್ಯಾಡ್ರಿ ಸರ್, ಬೇರಿಂಗ್ ಬಿ ಹೋಗ್ತಾವ" ಅಂದ. ಹೆಡ್ ಫೇಸಿಂಗ್ (ಸಪಾಟ ಮಾಡೋದು), ಗ್ಯಾಸ್ಕೆಟ್, ಕ್ಲಚ್ ಪ್ಲೇಟ್ ಎಲ್ಲಾ ಸೇರಿ 65 ಸಾವಿರ, ಬಿಚ್ಚಿದ ಮ್ಯಾಲ ಇನ್ನೇನರ ಸಿಕ್ರ ಅದು ಬ್ಯಾರೆ.

ರಿಪೇರಿ ಮಾಡ್ಸಿ ಮಾರಿದ್ರ 2 ಲಕ್ಷ ಬರ್ತಿತ್ತೇನೋ, ಆದ್ರ ಆರ್‌ಸಿ ಅವಧಿ 15 ವರ್ಷಕ್ಕ ಮುಗೀತದ, ನಂದು ಎರಡು ವರ್ಷ ಸೈತ ಉಳಿದಿರ್ಲಿಲ್ಲ, ತೊಗೊಳವ್ರು ಅದನ್ನೇ ಹಿಡ್ಕೊಂಡು ಎಳೀತಾರ. ಇಂಜನ್ ಬಿಚ್ಚಿದ ಮ್ಯಾಲ ಖರ್ಚು ಎಲ್ಲಿಗಿ ಹೋಗ್ತದೋ ಗೊತ್ತಿಲ್ಲ, ಆ ಜೂಜು ನನಗ ಬ್ಯಾಡಾಗಿತ್ತು. ದೋಸ್ತ ಒಬ್ಬ "ಎಣ್ಣಿ ಬದಲಿ ಮಾಡಿ, ಲೀಕ್ ಬಂದ್ ಆಗೋ ಔಷಧ ಹಾಕಿ ಮುಂಜಾನಿ ಥಂಡ್ಯಾಗ ತೋರಿಸಿ ಮಾರು" ಅಂದ. ಈ ಊರಾಗ ಇರಾವ್ರು ನಾವು, ನಾಳಿಗಿ ಶರಣಬಸವೇಶ್ವರ ಜಾತ್ರ್ಯಾಗ ಎದುರಾದ್ರ ಏನ್ ಮಾರಿ ತೋರ್ಸೋದು?

ಅದಕ್ಕ ಉಲ್ಟಾ ಮಾಡ್ದೆ. ಮಿಸ್ತ್ರಿ ಕಡಿಂದ ಎಸ್ಟಿಮೇಟ್ ಚೀಟಿ ಬರಿಸಿಕೊಂಡೆ, ಡಿಪ್‌ಸ್ಟಿಕ್ ಫೋಟೋ ತೆಗದೆ, ಸರ್ವಿಸ್ ಬಿಲ್ಲು ಎಲ್ಲಾ ಒಂದು ಫೈಲ್‌ನಾಗ ಹಾಕಿ, ಫೋನ್ ಮಾಡಿದವ್ರಿಗಿ ಮೊದಲೇ "ಹೆಡ್ ಹೋಗ್ಯಾದ, ಚಾಲೂ ಮಾಡಿ ತೋರ್ಸಲ್ಲ, ಟೋ ಮಾಡ್ಕೊಂಡು ಒಯ್ಯಬೇಕು" ಅಂತ ಹೇಳ್ತಿದ್ದೆ. ಅರ್ಧ ಮಂದಿ ಅಲ್ಲೇ ಫೋನ್ ಇಟ್ರು, ಚಲೋನೇ ಆಯ್ತು, ಬಿಸಿಲಾಗ ನಿಂದರೋದು ತಪ್ತು.

ಭಂಗಾರದಾವ (ಗುಜರಿಯಾವ) 35 ಸಾವಿರ ಅಂದ. ದಲ್ಲಾಳಿ ಒಬ್ಬ 70 ಸಾವಿರ ಅಂದು, ಆರ್‌ಸಿ ಹೆಸರು ಬದಲಿ ಮಾಡೋ ಖಾಲಿ ಫಾರ್ಮ್ 29, 30ಕ್ಕ ಸೈನ್ ಮಾಡಿ ಕೊಟ್ಬಿಡ್ರಿ, ಹೆಸರು ಆಮ್ಯಾಲ ತುಂಬ್ಕೊತೀವಿ ಅಂದ. ನಾ ಒಪ್ಪಲಿಲ್ಲ, ಯಾಕಂದ್ರ ಆರ್‌ಸಿ ಯಾರ ಹೆಸರಿಗಿ ಅದನೋ ಅವ್ರೇ ಮಾಲಕ, ಆಕ್ಸಿಡೆಂಟ್ ಆದ್ರ ಪರಿಹಾರದ ಹೊಣಿ ಅವ್ರ ಮ್ಯಾಲೇ ಅಂತ 2018ರಾಗ ಸುಪ್ರೀಂ ಕೋರ್ಟೇ ಹೇಳ್ಯಾದ.

ಕಡೀಗಿ ತೊಗೊಂಡವ ಹುಮನಾಬಾದ್ ರೋಡ್ ಕಡಿ ಗ್ಯಾರೇಜ್ ಇಟ್ಟಾವ. ಟಯರ್ ನೋಡ್ದ, ಕೆಳಗ ಮಲ್ಕೊಂಡು ಚೇಸಿಸ್ ನೋಡ್ದ, ಇಂಜನ್ ಬಗ್ಗಿ ಒಂದ್ ಮಾತು ಕೇಳ್ಲಿಲ್ಲ, ಚೀಟಿ ಓದಿ ಮಡಚಿ ಜೇಬಿನ್ಯಾಗ ಇಟ್ಕೊಂಡ. ತನ್ನ ಕೈಲೆ ಮಾಡ್ಕೊಳ್ಳಾವನಿಗಿ 65 ಸಾವಿರದ ಕೆಲಸ 30ಕ್ಕ ಮುಗೀತದ, ಅದು ನನಗೂ ಗೊತ್ತಿತ್ತು. "ಅಣ್ಣಾ, ಒಂದು ಲಕ್ಷ ಮಾಡ್ರಿ" ಅಂದ. 1.15ಕ್ಕ ಕುಂತಿತು.

ಕಾಗದದಾಗ ಒಂದ್ ಕಡಿ ಸಿಗಬಿದ್ದೆ. ಲೋನ್ 2016ರಾಗೇ ತೀರಿತ್ತು, ಆದ್ರ ಆರ್‌ಸಿ ಮ್ಯಾಲ ಬ್ಯಾಂಕಿನ ಹೆಸರು ಹಂಗೇ ಕುಂತಿತ್ತು. ಹಳೇ ಎನ್‌ಒಸಿ (ಲೋನ್ ತೀರ್ಯಾದ ಅನ್ನೋ ಬ್ಯಾಂಕಿನ ಪತ್ರ) ನಡೀಲಿಲ್ಲ, ಹೊಸದು ತಂದು ಫಾರ್ಮ್ 35 ಕೊಟ್ಟು ಬ್ಯಾಂಕಿನ ಹೆಸರು ತೆಗೆಸೋತನಕ ಮೂರು ವಾರ ಹೋಯ್ತು, ಅಲ್ಲೀತನಕ ಗಾಡಿ ನಮ್ಮ ಮನಿ ಮುಂದೇ. ಪಿಯುಸಿ (ಹೊಗಿ ಸರ್ಟಿಫಿಕೇಟ್) ಎರಡು ತಿಂಗಳ ಉಳಿದಿತ್ತು, ಅದೊಂದು ಪುಣ್ಯ, ಚಾಲೂನೇ ಆಗದ ಗಾಡಿಗಿ ಹೊಗಿ ಟೆಸ್ಟ್ ಎಲ್ಲಿಂದ ಮಾಡ್ಸೋದು!

ಕೊಟ್ಟ ದಿನ ತಾರೀಖು, ಟೈಮ್, ಕಿಲೋಮೀಟರ್, "ಹೆಡ್ ಖರಾಬ್ ಇದ್ದದ್ದು ತಿಳಿದೇ ತೊಗೊಂಡೀನಿ" ಅಂತ ಬರಿಸಿ ಸೈನ್ ಮಾಡಿಸ್ಕೊಂಡೆ. ಫಾಸ್ಟ್ಯಾಗ್ ಬಂದ್ ಮಾಡಿಸ್ದೆ. ಇನ್ನೊಂದು, ಫುಲ್ ಇನ್ಶುರೆನ್ಸ್ ಇದ್ದವ್ರು ಎನ್‌ಸಿಬಿ (ಕ್ಲೇಮ್ ಮಾಡದಿದ್ರ ಸಿಗೋ ರಿಯಾಯ್ತಿ) ಲೆಟರ್ ಕೇಳಿ ತೊಗೊರ್ರಿ, ಅದು ಗಾಡಿಗಲ್ಲ ಮಾಲಕನಿಗಿ ಸೇರಿದ್ದು, 3 ವರ್ಷದೊಳಗ ಮುಂದಿನ ಗಾಡಿಗಿ ಹಾಕ್ಕೋಬಹುದು. ನಾ ಹಂಗೇ ಮಾಡೀನಿ.